ಹೊಗೆ ನುಂಗುವ ಗಾಡಿಯೂ ಸಿರವಾರದ ಬೀಗರೂ

ನಮ್ಮ ಕಾರಿಗೆ ಮಲಬದ್ಧತೆ ಇದೆ. ಮರ್ಯಾದಸ್ಥನಾದವನು ಬಾಯಿ ತೆರೆದ ಕೂಡಲೇ ಇಂಥ ಮಾತು ಆಡಬಾರದೆಂದು ನನಗೂ ಗೊತ್ತು. ಆದರೆ ಈ ರೋಗಕ್ಕೆ ಇದಕ್ಕಿಂತ ಸಭ್ಯವಾದ ಹೆಸರು ನನಗಂತೂ ಸಿಕ್ಕಿಲ್ಲ. ಶೋರೂಮಿನವರು ‘ಡಿಪಿಎಫ್ ಚೋಕ್ ಆಗಿದೆ ಸರ್’ ಎಂದು ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳುತ್ತಾರೆ. ನಮ್ಮ ಖಾಯಂ ಮೆಕ್ಯಾನಿಕ್ ಖಾಜಾಭಾಯ್ ಬಗ್ಗಿ ನೋಡುವ ಗೋಜಿಗೂ ಹೋಗದೆ, ಗಾಡಿಗೆ ಹೊಟ್ಟಿ ಕಟ್ಟ್ಯದ ಸಾಬ್, ಎಂದುಬಿಟ್ಟ. ದೇವದುರ್ಗದಲ್ಲಿ ದನದ ಡಾಕ್ಟರಾಗಿರುವ ನನ್ನ ಮಗಳು ಪಲ್ಲವಿ ಅದನ್ನು ಕೇಳಿ ತಲೆಯಾಡಿಸಿದಳು. ಎಮ್ಮೆಯಾಗಿದ್ದರೆ ತಾನೇ ಎಣ್ಣೆ ಕುಡಿಸಿ ಸರಿ ಮಾಡುತ್ತಿದ್ದಳಂತೆ, ಇದಕ್ಕೆ ಓಡಿಸುವುದೊಂದೇ ಮದ್ದಂತೆ.

ವಿಷಯ ಇಷ್ಟು. ಈಗಿನ ಡೀಸೆಲ್ ಗಾಡಿಗಳ ಕೆಳಗೆ, ಹೊಗೆ ಹೊರಗೆ ಹೋಗುವ ದಾರಿಯಲ್ಲಿ, ಈ ಡಿಪಿಎಫ್ ಎಂಬ ಡಬ್ಬಿ ಕೂಡಿಸಿರುತ್ತಾರೆ. ಅದರೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತು. ಎಂಜಿನ್ನು ಉಗುಳುವ ಮಸಿಯನ್ನೆಲ್ಲ ಅದು ತಡೆದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಗಾಡಿ ತಂದ ಹೊಸದರಲ್ಲಿ ನಾನು ಸೈಲೆನ್ಸರಿನ ಬಾಯಿಗೆ ಬಿಳಿ ಕರವಸ್ತ್ರ ಹಿಡಿದು, ಅದು ಬೆಳ್ಳಗೇ ಉಳಿದದ್ದನ್ನು ಓಣಿಯವರಿಗೆಲ್ಲ ತೋರಿಸಿದ್ದೆ. ಮಸಿ ತುಂಬುತ್ತ ಬಂದಾಗ ಗಾಡಿ ತಾನೇ ಅದನ್ನು ಸುಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಕಾವು ಬೇಕು. ಕಾವು ಬರಬೇಕಾದರೆ ಅರವತ್ತರ ಮೇಲಿನ ವೇಗದಲ್ಲಿ, ಎಲ್ಲೂ ಎಂಜಿನ್ ಬಂದ್ ಮಾಡದೆ, ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿಸಬೇಕು. ಓಡಿಸದಿದ್ದರೆ ಕಣ್ಣ ಮುಂದೆ ಹಳದಿ ದೀಪ ಹತ್ತುತ್ತದೆ. ಆಗಲೂ ಕಣ್ಣು ಮುಚ್ಚಿಕೊಂಡರೆ ಗಾಡಿ ಮುನಿಸಿಕೊಂಡು ಎತ್ತಿನ ಬಂಡಿಗೂ ದಾರಿ ಬಿಡುವಷ್ಟು ನಿಧಾನವಾಗುತ್ತದೆ.

ಮಸಿಯನ್ನು ಹಿಡಿದಿಡುವುದು ನಮಗೇನು ಹೊಸ ವಿದ್ಯೆಯಲ್ಲ. ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಬೆಣ್ಣೆಯಲ್ಲಿ ಕಲಸಿ ಮೊಮ್ಮಕ್ಕಳ ಕಣ್ಣಿಗೆಲ್ಲ ಹಚ್ಚುತ್ತಿದ್ದಳು. ಅಡುಗೆಮನೆಯ ಜಂತಿಗೆ ಜೋತುಬಿದ್ದ ಇಲ್ಲಣವನ್ನು ಹಬ್ಬದ ಮುಂದೆ ಉದ್ದ ಕೋಲಿನ ಪೊರಕೆಯಿಂದ ಬಡಿದು ಕೆಡವುತ್ತಿದ್ದರು. ಮಸಿ, ಕಾಡಿಗೆ, ಇಲ್ಲಣ, ಕರಿ ಎಂದು ಒಂದೇ ಕಪ್ಪಿಗೆ ನಾವು ಇಷ್ಟೊಂದು ಹೆಸರಿಟ್ಟು ಅದರೊಡನೆ ಸಂಸಾರ ಮಾಡಿದವರು. ಆದರೆ ಮಸಿಯನ್ನು ಸುಡಲಿಕ್ಕೆಂದೇ ಮತ್ತಷ್ಟು ಡೀಸೆಲ್ ಸುಡುವ ಬುದ್ಧಿ ನಮ್ಮಜ್ಜಿಗೆ ಹೊಳೆದಿರಲಿಲ್ಲ.

ನಾನು ರಾಯಚೂರಿನಲ್ಲಿ ವಕೀಲ. ಮನೆಯಿಂದ ಕೋರ್ಟಿಗೆ ನಡೆದು ಹೋದರೆ ಬೆವರು ಬರುವ ಮುಂಚೆ ತಲುಪಬಹುದು. ರಾಯಚೂರಿನಲ್ಲಿ ಬೆವರು ಎಷ್ಟು ಬೇಗ ಬರುತ್ತದೆಂದು ಬಲ್ಲವರಿಗೆ ಆ ದೂರ ತಾನಾಗಿಯೇ ತಿಳಿಯುತ್ತದೆ. ಅಷ್ಟು ದೂರಕ್ಕೆ ಈ ಎತ್ತರದ ಡೀಸೆಲ್ ಗಾಡಿ ಯಾಕೆ ತಂದಿರೆಂದು ಕೇಳಬೇಡಿ. ವಕೀಲನಾದವನು ಗಾಡಿಯಿಂದ ಇಳಿಯುವಾಗ ಸ್ವಲ್ಪ ಎತ್ತರದಿಂದ ಇಳಿದರೆ ಕಕ್ಷಿದಾರನಿಗೆ ಧೈರ್ಯ ಬರುತ್ತದೆ, ಅಷ್ಟೇ. ಅದರ ಮೇಲೆ ಕೋರ್ಟಿನ ಬೇವಿನ ಮರದಡಿ ಎಸಿ ಹಾಕಿಕೊಂಡು, ನಿಂತ ಗಾಡಿಯಲ್ಲೇ ಕೂತು ಫೈಲು ಓದುವ ಚಟ ಬೇರೆ. ಮಸಿ ತುಂಬಲಿಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಂಪನಿಯವರಿಗೂ ಹೊಳೆಯಲಿಕ್ಕಿಲ್ಲ.

ದೀಪ ಮೊದಲು ಹತ್ತಿದಾಗ ಊರೆಲ್ಲ ವೈದ್ಯರಾದರು. ಒಬ್ಬರು ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಲು ಹೇಳಿದರು. ಇನ್ನೊಬ್ಬರು ಡಬ್ಬಿ ಬಿಚ್ಚಿ ಸೋಡಾ ನೀರಿನಲ್ಲಿ ನೆನೆಹಾಕಿ ಅಂದರು, ಬಾಣಲೆ ತೊಳೆದ ಅನುಭವದ ಮೇಲೆ. ಖಾಜಾಭಾಯ್ ಆ ಡಬ್ಬಿಯನ್ನೇ ಕಿತ್ತೊಗೆದು ಪೈಪು ಕೂಡಿಸುತ್ತೇನೆ, ಯಾರಪ್ಪನಿಗೂ ಗೊತ್ತಾಗುವುದಿಲ್ಲ ಎಂದ. ಅದು ಕಾಯಿದೆಗೆ ವಿರುದ್ಧ ಎಂದು ನಾನು ತಡೆದೆ. ನನಗಿದ್ದದ್ದು ಕಾಯಿದೆಯ ಭಯವಲ್ಲ. ಸಿಕ್ಕಿಬಿದ್ದರೆ ನನ್ನ ಪರ ವಾದಿಸಲು ನಮ್ಮ ವಕೀಲರ ಬಾರಿನಲ್ಲಿ ಯಾರನ್ನು ನಂಬುವುದೆಂಬ ಭಯ. ಕೊನೆಗೆ ನನ್ನ ಸ್ವಂತ ಬುದ್ಧಿಯಿಂದ, ಗಾಡಿಯನ್ನು ಮನೆಯ ಮುಂದೆಯೇ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಹಿಡಿದು ಕೂತೆ. ಮಸಿ ಸುಡಲಿಲ್ಲ, ಇನ್ನಷ್ಟು ತುಂಬಿತು. ಎದುರು ಮನೆಯವರು ಮಾತ್ರ ಸದ್ದಿಗೆ ಸುಟ್ಟು ಬೂದಿಯಾದರು.

ಇನ್ನೊಂದು ಸಂಗತಿ ಹೇಳಲೇಬೇಕು. ಆ ದಿನಗಳಲ್ಲಿ ಎಂಜಿನ್ ಎಣ್ಣೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಎಲ್ಲರ ಗಾಡಿ ಎಣ್ಣೆ ಕುಡಿದರೆ ನಮ್ಮದು ಎಣ್ಣೆ ಹೆರುತ್ತದೆ ಎಂದು ಬಾರ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ಪಲ್ಲವಿ ಬಂದು ತಲೆ ಚಚ್ಚಿಕೊಂಡಳು. ಮಸಿ ಸುಡಲೆಂದು ಗಾಡಿ ಹೆಚ್ಚಿಗೆ ಡೀಸೆಲ್ ಬಿಡುವುದಂತೆ, ನಾನು ಅರ್ಧಕ್ಕೇ ಬಂದ್ ಮಾಡಿದಾಗ ಅದು ಸೋರಿ ಎಣ್ಣೆಗೆ ಸೇರುವುದಂತೆ, ಹೀಗೇ ಬಿಟ್ಟರೆ ಎಂಜಿನ್ನೇ ಹೋಗುವುದಂತೆ. ಎಣ್ಣೆ ಬದಲಾಯಿಸಿದೆವು. ಅದಕ್ಕೂ ಸುಟ್ಟಾಗ ಬೂದಿ ಕಡಿಮೆ ಉಳಿಯುವ ಬೇರೆ ಜಾತಿಯ ಎಣ್ಣೆಯೇ ಆಗಬೇಕಂತೆ. ಮಸಿಯಾದರೆ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಡಬ್ಬಿಯ ತಳದಲ್ಲಿ ಕೂತೇ ಇರುತ್ತದೆ.

ಹಾಗಾದರೆ ಓಡಿಸಿದರಾಯಿತಲ್ಲ ಎಂದು ನೀವು ಹೇಳುತ್ತೀರಿ. ಹೇಳುವುದು ಸುಲಭ. ನಡುವೆ ಒಂದು ನಿಮಿಷ ನಿಂತರೆ ಅಡ್ಡಿಯಿಲ್ಲ, ಎಂಜಿನ್ ಬಂದ್ ಮಾಡಬೇಡಿ ಎಂದು ಕಂಪನಿಯವರು ಬರೆದಿದ್ದಾರೆ. ಅವರು ನಮ್ಮ ಸೀಮೆಗೆ ಬಂದವರಲ್ಲ. ನಮ್ಮಲ್ಲಿ ಒಂದು ನಿಮಿಷ ನಿಲ್ಲುವುದು ಎಂಬುದೇ ಇಲ್ಲ. ದಾರಿಯಲ್ಲಿ ಗುರುತಿನವರು ಕೈ ಎತ್ತಿದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಇಳಿಯಬೇಕು, ಇಳಿದರೆ ಚಹಾ, ಚಹಾ ಆದಮೇಲೆ ಅಡಿಕೆ ಎಲೆ, ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಯಾಪಲದಿನ್ನಿಯ ಕಡೆ ಹೊರಟೆ; ಕಕ್ಷಿದಾರನೊಬ್ಬ ಬೈಕು ಅಡ್ಡ ಹಾಕಿ ಕೇಸಿನ ಮುಂದಿನ ಮುದ್ದತು ಯಾವತ್ತೆಂದು ಕೇಳಿ ಮನೆಗೆ ಎಳೆದೊಯ್ದ. ಮಾನ್ವಿಯ ಕಡೆ ಹೊರಟೆ. ಹಿರೇಕೊಟ್ನೆಕಲ್ಲಿನ ನಮ್ಮ ಷಡ್ಡಕ ಹೊಲದ ಬದುವಿನಿಂದಲೇ ಟವೆಲು ಬೀಸಿದ. ಹೊಟ್ಟೆ ತುಂಬಿಸಿಕೊಂಡು ಬಂದೆ, ಗಾಡಿಯ ಹೊಟ್ಟೆ ಖಾಲಿಯಾಗಲಿಲ್ಲ.

ಈಗ ಸಿರವಾರದ ಮಾತಿಗೆ ಬರುತ್ತೇನೆ. ಇದು ತಮಾಷೆಯ ಮಾತಲ್ಲ. ಸಿರವಾರದ ರೈಸ್ ಮಿಲ್ಲಿನ ಶರಣಪ್ಪ ಸಾವಕಾರರ ಮಗ ಬಸವರಾಜನನ್ನು ನಮ್ಮ ಪಲ್ಲವಿ ಮೆಚ್ಚಿಕೊಂಡಿದ್ದಳು. ಅವರ ಎಮ್ಮೆಗೆ ಕರು ಅಡ್ಡ ತಿರುಗಿದಾಗ ಹೋಗಿ ತೋಳು ಮೊಳಕೈ ದಾಟಿ ಒಳಗೆ ಹಾಕಿ ಕರು ತೆಗೆದವಳು ಇವಳು. ಲಾಟೀನಿನಂತೆ ಮೊಬೈಲು ಹಿಡಿದು ನಿಂತವನು ಅವನು. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೇ ಮುಗಿದಿತ್ತು. ಆಮೇಲೆ ಎರಡೂ ಮನೆಯವರು ಕೂತು ಮಾತಾಡಿ, ನಮ್ಮಲ್ಲಿ ಊಟವೂ ಆಗಿ, ನಿಶ್ಚಯಕ್ಕೆ ದಿನ ಹಿಡಿಯುವುದೊಂದು ಬಾಕಿ ಇತ್ತು. ಹುಡುಗಿ ಮೊದಲ ಬಾರಿಗೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದನ್ನು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ, ಅಪ್ಪಂದಿರಿಗೆ ಅಂಥದ್ದರಲ್ಲಿ ಬಾಯಿ ಹಾಕಲು ಹಕ್ಕಿಲ್ಲ.

ಅಂಥ ದಿನಗಳ ಒಂದು ಭಾನುವಾರ ದೀಪ ಹತ್ತಿತು. ಈ ಸಲ ಹಟಕ್ಕೆ ಬಿದ್ದು ಸಿರವಾರದ ರಸ್ತೆ ಹಿಡಿದೆ. ಅರ್ಧ ದಾರಿಯಲ್ಲಿ ಎಂದಿನಂತೆ ಒಬ್ಬರು ಹಿಡಿದು ಚಹಾ ಕುಡಿಸಿದರು. ಅಲ್ಲಿಂದ ಮತ್ತೆ ಹೊರಟ ಮೇಲೆ ಗಾಡಿಯ ಕೆಳಗಿನಿಂದ ಕಾದ ಇಸ್ತ್ರಿಪೆಟ್ಟಿಗೆಯ ವಾಸನೆ ಬರತೊಡಗಿತು. ಸುಡುತ್ತಿದೆ, ಕಡೆಗೂ ಸುಡುತ್ತಿದೆ! ಉಸಿರು ಬಿಗಿಹಿಡಿದು ಓಡಿಸುತ್ತಿದ್ದೇನೆ. ಮಿಲ್ಲಿನ ಮುಂದೆ ಶರಣಪ್ಪನವರು ನಾಲ್ಕು ಜನರ ನಡುವೆ ನಿಂತಿದ್ದಾರೆ. ನನ್ನ ಗಾಡಿ ಕಂಡದ್ದೇ ನಗುತ್ತ ಕೈ ಎತ್ತಿದರು. ಆ ನಾಲ್ಕು ಜನರಿಗೆ, ನಮ್ಮ ಬೀಗರು, ಈಗ ನಿಂದ್ರಸ್ತಾರ ನೋಡ್ರಿ, ಎಂದೂ ಹೇಳಿದ್ದರಂತೆ. ನಿಲ್ಲಿಸಿದರೆ ಚಹಾ, ಚಹಾ ಆದರೆ ಊಟ, ಡಬ್ಬಿ ಮತ್ತೆ ಮೊದಲಿಗೆ. ನನ್ನ ಕಾಲು ಬ್ರೇಕಿಗೆ ಹೋಗಲಿಲ್ಲ. ಗಾಡಿಯಲ್ಲಿ ಬೆಂಕಿ ಇದೆ, ನಿಲ್ಲಿಸುವಂತಿಲ್ಲ ಎಂದು ತಿಳಿಸಲು ಎಡಗೈಯನ್ನು ಕೆಳಕ್ಕೂ ಮುಂದಕ್ಕೂ ಆಡಿಸಿದೆ. ಅದು ನೋಡಿದವರಿಗೆ, ಸರೀರಿ ಆ ಕಡೆ, ಎಂದಂತೆ ಕಂಡಿತಂತೆ.

ಮಸಿ ಸುಟ್ಟಿತು, ದೀಪ ಆರಿತು. ಸಂಜೆ ನಾನು ಫೋನು ಮಾಡಿದರೆ ಶರಣಪ್ಪನವರು ಎತ್ತಲಿಲ್ಲ. ಮರುದಿನ ಅವರ ಕಡೆಯಿಂದ ಬಂದ ಮಾತು ಬಹಳ ಸಭ್ಯವಾಗಿತ್ತು. ಈ ವರ್ಷ ಬೇಡವೆನಿಸುತ್ತದೆ, ಮುಂದೆ ನೋಡೋಣ. ಮುಂದೆ ನೋಡೋಣ ಎಂದರೆ ನಮ್ಮ ಕಡೆ ಏನರ್ಥವೆಂದು ಹೇಳಬೇಕಾಗಿಲ್ಲ. ನಾನು ಕೋರ್ಟಿನಲ್ಲಿ ಇದಕ್ಕಿಂತ ನಂಬಲಾಗದ ಸಂಗತಿಗಳನ್ನು ನಂಬಿಸಿದವನು. ಆದರೆ ನಿಲ್ಲಿಸಿದರೆ ಮಸಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ಬೀಗರನ್ನು ದಾಟಿ ಹೋದೆ ಎಂಬ ನಿಜವನ್ನು ನನ್ನ ಹೆಂಡತಿ ಶಾರದೆಯೇ ನಂಬಲಿಲ್ಲ.

“ಗಾಡಿಗೆ ದಾರಿ ಮಾಡಿಕೊಟ್ರಿ, ಮಗಳ ದಾರಿ ಮುಚ್ಚಿದ್ರಿ,” ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು.

ಪಲ್ಲವಿ ಅಳಲಿಲ್ಲ, ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ. ವಾರವೆಲ್ಲ ದೇವದುರ್ಗದ ಬಾಡಿಗೆ ಕೋಣೆಯಿಂದ ಅಮ್ಮನಿಗೆ ಫೋನು ಮಾಡಿ ಹವಾಮಾನದ ಬಗ್ಗೆ ಮಾತಾಡಿದಳು. ಎರಡು ವಾರ ಕಳೆಯುವುದರೊಳಗೆ ನನ್ನ ಬೇವಿನ ಮರದಡಿಯ ಅಧ್ಯಯನದಿಂದ ದೀಪ ಮತ್ತೆ ಹತ್ತಿತು. ಶನಿವಾರ ಬಸ್ಸಿಳಿದು ಬಂದವಳು ಅದನ್ನು ನೋಡಿದಳು. ಆಮೇಲೆ, ನಾಳೆ ಸಿರವಾರಕ್ಕೆ ಹೋಗೋಣ, ನನ್ನ ದನದ ಔಷಧಿ ಡಬ್ಬಿ ಮುಂದಿನ ಸೀಟಿಗಿಡು ಎಂದಳು.

ಸಿರವಾರದವರೆಗೆ ನಾನೇ ಓಡಿಸಿದೆ. ಈ ಸಲ ಕಂಡವರಿಗೆಲ್ಲ ನಿಲ್ಲಿಸಿದೆ. ಮೈ ಮುರಿಯಲು ಕೈ ಎತ್ತಿದ ಒಬ್ಬ ಅಪರಿಚಿತನಿಗೂ ನಿಲ್ಲಿಸಿ ಯೋಗಕ್ಷೇಮ ವಿಚಾರಿಸಿದೆ. ಶರಣಪ್ಪನವರು ಮಿಲ್ಲಿನಲ್ಲಿ ಕುರ್ಚಿ ಒರೆಸಿ ಕೂಡಿಸಿ ಚಹಾ ಕೊಟ್ಟರು. ಮಳೆ, ಭತ್ತದ ದರ, ರಸ್ತೆ ಎಲ್ಲದರ ಬಗ್ಗೆ ಮಾತಾಡಿದರು, ಆ ದಿನದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಜಗಳ ಮಾಡುವವರೊಡನೆ ರಾಜಿಯಾಗಬಹುದು. ಇಷ್ಟು ಮರ್ಯಾದೆ ಮಾಡುವವರೊಡನೆ ಏನು ಮಾಡಬೇಕು?

ಪಲ್ಲವಿ ಲೋಟ ಕೆಳಗಿಟ್ಟು, ದೇವದುರ್ಗದಲ್ಲಿ ಅವರು ಕೊಳ್ಳಬೇಕೆಂದಿದ್ದ ಎಮ್ಮೆಯನ್ನು ಇವತ್ತೇ ನೋಡಿಬಿಡೋಣವೇ ಎಂದು ಕೇಳಿದಳು. ಮಾರುವವನು ಎರಡೇ ಕರು ಹಾಕಿದೆ, ಎರಡನೇ ಸೂಲು ಅನ್ನುತ್ತಾನೆ, ಹಲ್ಲು ನೋಡಿದರೆ ತನಗೆ ಅನುಮಾನ ಎಂದಳು. ಶರಣಪ್ಪನವರು ಬೀಗತನ ಬಿಟ್ಟಾರು, ಎಮ್ಮೆಯ ವ್ಯಾಪಾರದಲ್ಲಿ ಮೋಸ ಹೋಗಲಾರರು. ಪಂಚೆ ಸರಿಮಾಡಿಕೊಂಡು ಎದ್ದರು. ಮುಂದಿನ ಸೀಟಿನಲ್ಲಿ ಔಷಧಿ ಡಬ್ಬಿ ಇದ್ದುದರಿಂದ ನಾವಿಬ್ಬರೂ ಹಿಂದೆ, ನಡುವೆ ಇನ್ನೊಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತೆವು. ಸ್ಟೀರಿಂಗ್ ಹಿಡಿದವಳು ಪಲ್ಲವಿ.

“ಲೈಟ್ ಹತ್ತ್ಯದ ಮಾವಾರ. ಇದು ಆರೋತನಕ ಗಾಡಿ ನಿಂದ್ರಂಗಿಲ್ಲ,” ಎಂದಳು. ಶರಣಪ್ಪನವರು ಕಿಟಕಿಯ ಕಡೆ ಮುಖ ಮಾಡಿ, ಹೌದೇನವಾ, ಎಂದು ನಕ್ಕರು. ಅಪ್ಪ ಕಲಿಸಿಕೊಟ್ಟ ನೆಪವನ್ನು ಮಗಳೂ ಬಾಯಿಪಾಠ ಮಾಡಿದ್ದಾಳೆ ಎಂಬ ನಗೆ ಅದು.

ಊರು ದಾಟಿತು, ಮುಳ್ಳು ಎಪ್ಪತ್ತಕ್ಕೆ ನಿಂತಿತು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ ಕಡೆ ಇನ್ನರ್ಧದಲ್ಲಿ ನುಗ್ಗಿದಳು. ಸ್ವಲ್ಪ ದೂರದಲ್ಲಿ ಒಂದು ಕ್ರಾಸಿನ ಹತ್ತಿರ ಬಿಳಿ ಅಂಗಿಯವರೊಬ್ಬರು ನಿಂತಿದ್ದರು. ಗಾಡಿಯೊಳಗೆ ಶರಣಪ್ಪನವರ ಮುಖ ಕಂಡದ್ದೇ ಕೈ ಎತ್ತಿದರು. ಶರಣಪ್ಪನವರು ಸೀಟಿನಿಂದ ಅರ್ಧ ಎದ್ದರು.

“ಏ ನಿಂದ್ರಸವಾ, ನಮ್ಮ ಭಾವಾರದಾರ! ನಮ್ಮ ಅಕ್ಕನ ಗಂಡ!”

“ಆಗಂಗಿಲ್ರಿ ಮಾವಾರ. ಈಗ ನಿಂತ್ರ ಮತ್ತ ಮೊದಲಿಂದ ಸುಡಬೇಕು.”

ಭಾವನವರು ಕಿಟಕಿಯಲ್ಲಿ ಬಂದರು, ಹೋದರು. ಹಿಂದಿನ ಗಾಜಿನಲ್ಲಿ ನೋಡಿದರೆ ಎತ್ತಿದ ಕೈ ಇನ್ನೂ ಮೇಲೆಯೇ ಇತ್ತು. ಶರಣಪ್ಪನವರು ಎರಡೂ ಕೈ ಎತ್ತಿ ಏನೋ ಸನ್ನೆ ಮಾಡಿದರು. ಅದು ನನ್ನದಕ್ಕಿಂತ ಕೆಟ್ಟ ಸನ್ನೆಯಾಗಿತ್ತು. ಆಮೇಲೆ ಕುಸಿದು ಕೂತು, ಇನ್ನು ಆತ ಜನ್ಮದಲ್ಲಿ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಹಣೆ ಒರೆಸಿಕೊಂಡರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನನಗೆ ಎಷ್ಟು ಸಂಕಟವಾಗಿತ್ತೆಂದು ಈಗ ತಿಳಿಯಿತೇ ಎಂದುಬಿಟ್ಟೆ. ಅವರು ನನ್ನ ಕಡೆ ತಿರುಗಿದರು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಮರ್ಯಾದೆ ಇರಲಿಲ್ಲ.

“ವಕೀಲ್ರ, ನೀವು ನಿಂದ್ರಸಲಿಲ್ಲ ಅಂತ ಸಿಟ್ಟಲ್ರಿ ನಂದು. ಅವತ್ತು ನಿಮ್ಮ ಮನ್ಯಾಗ ನನ್ನ ಎಲಿಗೆ ಬ್ಯಾರೆ ಮಿಲ್ಲಿನ ಅಕ್ಕಿ ಅನ್ನ ಬಿತ್ತು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ವಿವರಿಸಿದರು. ಮಾತುಕತೆಯ ಹಿಂದಿನ ದಿನ ಅವರು ತಮ್ಮ ಮಿಲ್ಲಿನ ಸಣ್ಣಕ್ಕಿಯ ಎರಡು ಚೀಲ ನಮ್ಮ ಮನೆಗೆ ಕಳಿಸಿದ್ದರು. ಮರುದಿನ ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟ ಕೂಡಲೇ ಅದು ತಮ್ಮ ಅಕ್ಕಿಯಲ್ಲವೆಂದು ಗೊತ್ತಾಗಿತ್ತು. ಯಾರ ಮಿಲ್ಲಿನದೆಂದೂ ಗೊತ್ತಾಗಿತ್ತು. ಅವರು ಹೆಸರೆತ್ತಲೂ ಹೇಸುವ ಮನುಷ್ಯನ ಮಿಲ್ಲು ಅದು. ನುಂಗಿದೆ, ಎರಡನೇ ಸಲ ಬಡಿಸಿದಾಗಲೂ ನುಂಗಿದೆ, ಚಂದ ಆಗೇದ ಅಂತಲೂ ಅಂದೆ, ಎಂದರು.

“ಸಾವಕಾರ್ರ, ನಿಮ್ಮ ಅಕ್ಕಿ ನಿಮಗ ಬಡಿಸಿದ್ರ ಇವರ ಮನ್ಯಾಗ ಗತಿ ಇದ್ದಿಲ್ಲೇನು ಅಂದೀರಿ ಅಂತ ನಮ್ಮಾಕಿ ಹೆದರಿದ್ಲು,” ಎಂದೆ. ಅದು ನಿಜ. ಶಾರದೆ ಆ ಎರಡು ಚೀಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಮದುವೆಯ ಮೊದಲ ಅಡುಗೆಗೆಂದು ದೇವರ ಕೋಣೆಯಲ್ಲಿ ಎತ್ತಿಟ್ಟಿದ್ದಳು. ಆಮೇಲೆ ಅಂಗಡಿಗೆ ಹೋಗಿ ಕೇಳಿದಷ್ಟು ಕೊಟ್ಟು, ಇದ್ದುದರಲ್ಲಿ ಒಳ್ಳೆಯದೆಂದು ಬೇರೆ ಅಕ್ಕಿ ತಂದವನು ನಾನೇ. ಮಿಲ್ಲು ಯಾವುದೆಂದು ನೋಡಿಯೂ ಇರಲಿಲ್ಲ.

ಅಕ್ಕಿಯ ಮಾತು ಅಲ್ಲಿಗೆ ಮುಗಿಯಿತು. ಆದರೆ ಒಮ್ಮೆ ಕಾವೇರಿದ ಮೇಲೆ ಇಷ್ಟಕ್ಕೇ ನಿಲ್ಲುತ್ತದೆಯೇ? ನಾನು ಅವರ ಮಗನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದವನಂತೆ, ಹೌದೋ ಅಲ್ಲವೋ ಅಷ್ಟೇ ಹೇಳಿ, ಎಂದು ಕೇಳಿದ್ದು ಬಂತು. ಅವರು ನನ್ನ ಗಾಡಿಯ ಚಕ್ರಕ್ಕೆ ಕಾಲಿನಿಂದ ಒದ್ದು, ಗಟ್ಟಿ ಅದ, ಎಂದದ್ದನ್ನು ನಾನು ತೆಗೆದೆ. ನಮ್ಮ ಮನೆ ನೋಡಿ, ಸಣ್ಣದಾದ್ರೂ ಚಂದ ಅದ, ಎಂದದ್ದನ್ನೂ ತೆಗೆದೆ. ಅವರ ಹೆಂಡತಿಯ ಸೀರೆಯ ಬಣ್ಣಕ್ಕೆ ನನ್ನ ಹೆಂಡತಿ ನಕ್ಕಳಂತೆ. ನನ್ನ ಹೆಂಡತಿಯ ಚಟ್ನಿಪುಡಿಯನ್ನು ಅವರ ಹೆಂಡತಿ ಬರೀ ಮೂಸಿ ಪಕ್ಕಕ್ಕಿಟ್ಟರಂತೆ. ಒಂದೊಂದೂ ಎಳ್ಳಿನಷ್ಟು, ಎಲ್ಲ ಸೇರಿ ಚೀಲ. ಇಬ್ಬರೂ ಎಷ್ಟು ಸಭ್ಯತೆಯಿಂದ ಇದನ್ನೆಲ್ಲ ಒಳಗೆ ತುಂಬಿಕೊಂಡಿದ್ದೆವು! ಹೊರಗೆ ಕರವಸ್ತ್ರ ಹಿಡಿದು ನೋಡಿದ್ದರೆ ಒಂದು ಚುಕ್ಕಿ ಕಪ್ಪು ಕಾಣುತ್ತಿರಲಿಲ್ಲ.

ಬೇರೆ ಕಡೆಯಾಗಿದ್ದರೆ ಯಾರೋ ಬಂದು, ಹೋಗಲಿ ಬಿಡ್ರಿ, ಎಂದು ನಡುವೆ ಕೂತು ಚಹಾ ತರಿಸಿ ಮಾತು ಮುಚ್ಚಿಬಿಡುತ್ತಿದ್ದರು. ಇಲ್ಲಿ ಎದ್ದು ಹೋಗಲು ಜಾಗವಿಲ್ಲ, ಇಳಿಯೋಣವೆಂದರೆ ಗಾಡಿ ನಿಲ್ಲುವುದಿಲ್ಲ, ಓಡಿಸುವವಳು ಹಿಂದಿರುಗಿ ನೋಡುವುದಿಲ್ಲ. ಬೈದುಕೊಂಡು ಬೈದುಕೊಂಡು ನಮ್ಮಿಬ್ಬರಿಗೂ ಗಂಟಲು ಒಣಗಿತು. ಒಂದು ಹಂತದಲ್ಲಿ ಅವರು, ನಿಮ್ಮ ಮನೆಯ ಎಣ್ಣೆಗಾಯಿ ಮಾತ್ರ ಭಾಳ ಚಲೋ ಇತ್ತು ನೋಡ್ರಿ, ಎಂದು ಸಿಟ್ಟಿನ ದನಿಯಲ್ಲೇ ಹೇಳಿದರು. ನಾನೂ ಅಷ್ಟೇ ಸಿಟ್ಟಿನಿಂದ, ನಿಮ್ಮ ಹುಡುಗ ಅಪ್ಪಟ ಬಂಗಾರ, ಎಂದೆ. ಆಮೇಲೆ ಇಬ್ಬರಿಗೂ ನೆನಪಿಗೆ ಏನೂ ಬರಲಿಲ್ಲ. ನೀರಿನ ಬಾಟಲಿ ಒಂದೇ ಇತ್ತು, ಹಂಚಿಕೊಂಡು ಕುಡಿದೆವು. ನಡುವಿನ ಜಾಗದಲ್ಲಿ ಯಾವಾಗಲೋ ಅವರ ಕೈಯೂ ನನ್ನ ಕೈಯೂ ಬಂದು ಕೂತಿದ್ದವು.

ದೇವದುರ್ಗದ ಮೊದಲ ಮನೆಗಳು ಕಂಡಾಗ ಪಲ್ಲವಿ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿದಳು. ನಾನು ಮುಂದಕ್ಕೆ ಬಾಗಿ ನೋಡಿದೆ, ದೀಪ ಇರಲಿಲ್ಲ. ಈಗ ಆರಿತೇ ಎಂದು ಕೇಳಿದೆ. ಅವಳು ತಿರುಗಿ ನಮ್ಮಿಬ್ಬರನ್ನೂ ನೋಡಿದಳು, ಕಣ್ಣಂಚು ಒದ್ದೆಯಾಗಿತ್ತು.

“ಅದು ಹಿಂದ ಎಷ್ಟೋ ದೂರದಾಗ ಆರಿತ್ತಪ್ಪ.”

“ಮತ್ತ ಯಾಕ ನಿಂದ್ರಸಲಿಲ್ಲವಾ?” ಎಂದರು ಶರಣಪ್ಪನವರು.

“ನಿಮ್ಮಿಬ್ಬರದು ಇನ್ನೂ ಮುಗಿದಿದ್ದಿಲ್ಲಲ್ರಿ.”

ಶರಣಪ್ಪನವರು ಕೆಳಗಿಳಿದು ಮುಖ ತೊಳೆದುಕೊಂಡರು, ಹೋಗಿ ಎಮ್ಮೆ ನೋಡಿದರು. ಪಲ್ಲವಿ ಅದರ ಬಾಯಿ ತೆರೆದು, ಇದಕ್ಕೆ ಮೊಮ್ಮಕ್ಕಳಾಗುವ ವಯಸ್ಸು ಎಂದಳು, ವ್ಯಾಪಾರ ಅಲ್ಲಿಗೇ ಮುರಿಯಿತು. ಹೊರಡುವಾಗ ಅವರು ಮುಂದಿನ ಬಾಗಿಲು ತೆರೆದು, ಔಷಧಿ ಡಬ್ಬಿಯನ್ನು ತಾವೇ ಎತ್ತಿ ನನ್ನ ತೊಡೆಯ ಮೇಲಿಟ್ಟರು.

“ನೀವು ಹಿಂದ ಕೂಡ್ರಿ ಬೀಗ್ರ. ನಾ ನಮ್ಮ ಸೊಸಿ ಬಾಜೂಕ ಕೂಡ್ತೀನಿ.”

ತಿರುಗಿ ಬರುವಾಗ ಗಾಡಿ ಕೈ ಎತ್ತಿದವರಿಗೆಲ್ಲ ನಿಂತಿತು. ಭಾವನವರ ಮನೆಯಲ್ಲಿ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ, ಊಟ ಮುಗಿಸಿ ಎದ್ದೆವು. ಮುಂದೆ ಇನ್ನೂ ಮೂರು ಕಡೆ ಚಹಾ ಆಯಿತು. ಎಲ್ಲ ಕಡೆಯೂ ಶರಣಪ್ಪನವರು ಸೊಸೆಯನ್ನು ತೋರಿಸಿದರು. ನಾನು ಔಷಧಿ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಬೆಳಗ್ಗೆ ಸುಟ್ಟ ಮಸಿಯಲ್ಲಿ ಒಂದಿಷ್ಟು ಸಂಜೆಯೊಳಗೇ ಮತ್ತೆ ಕೂತಿರಬೇಕು. ಕೂಡಲಿ ಬಿಡಿ. ಮದುವೆಯ ಓಡಾಟ ಇನ್ನೂ ಬಾಕಿ ಇದೆ, ಬೀಗರೊಡನೆ ದೂರ ಪ್ರಯಾಣ ಹೋಗಲು ನನಗೂ ಒಂದು ನೆಪ ಬೇಕು.